ಬುಷ್, ಬ್ರಷ್

ಮಿಕ್ಸಿ ಬಿಚ್ಚುವ ಮುಂಚೆಯೇ ಹೇಳಿಬಿಡುತ್ತೇನೆ,
ಸ್ವಿಚ್ಚು ಒತ್ತಿ, ಕಣ್ಣು ಮುಚ್ಚಿ:
ಕೀರಲು ಬಂದರೆ ಬುಷ್ ಸವೆದಿದೆ,
ಚಿಟಚಿಟ ಅಂದರೆ ಕಾರ್ಬನ್ ಬ್ರಷ್.
ಹಾಸನದ ಸಂತೇಪೇಟೆಯಲ್ಲಿ ಇಪ್ಪತ್ತೆರಡು ವರ್ಷ
ಈ ಕಿವಿಯ ಅನ್ನ ಉಂಡವನು.

ಮಗಳಿಗೆ ಬ್ರಷ್ ತಾ ಅಂದೆ. ಬುಷ್ ತಂದಳು.
ಬ್ರಷ್ ಅಂದೆನಲ್ಲೇ. ಮತ್ತೆ ಬುಷ್.
ಗಿರಾಕಿ ನಕ್ಕರು. ನನ್ನ ಕೈ ಎದ್ದಿತು, ಬಿದ್ದಿತು.
ಜಾನ್ವಿ ಅಳಲಿಲ್ಲ. ತಲೆಯಾಡಿಸಿದಳು,
ಎಲ್ಲಕ್ಕೂ ಆಡಿಸುವ ಹಾಗೆ.
ಊಟ ಆಯ್ತಾ? ಹ್ಞೂಂ.
ಯಾರು ತಳ್ಳಿದ್ದು? ಹ್ಞೂಂ.

ಗಮನ ಸಾಲದು ಎಂದು ಮೇಡಂ ಕೆಂಪಿನಲ್ಲಿ ಬರೆದರು.
ಅವ್ವ ಬಜೆ ತೇಯ್ದು ನಾಲಿಗೆಗೆ ಸವರಿದಳು.
ದೊಡ್ಡಾಸ್ಪತ್ರೆಯ ಗಾಜಿನ ಗೂಡಿನಲ್ಲಿ
ಹೆಡ್‌ಫೋನ್ ಹಾಕಿ ಕೂರಿಸಿದರು.
ಗುಂಯ್ ಅಂದಾಗಲೆಲ್ಲ ಕೈ ಎತ್ತಿದಳು, ಒಂದೂ ತಪ್ಪಲಿಲ್ಲ.
ನಿಮಗೂ ನೋಡೋಣ ಅಂತ ನನಗೂ ಹಾಕಿದರು.
ಸಣ್ಣ ಸದ್ದುಗಳಲ್ಲಿ ನಾನು ಫೇಲು.

ಅವಳ ಕಿವಿ ಚಿನ್ನ, ಅಂದಳು ಬಿಳಿ ಕೋಟಿನ ಹುಡುಗಿ,
ಸದ್ದು ಒಳಗೆ ಹೋಗುತ್ತೆ ಅಣ್ಣ,
ಹೋದಮೇಲೆ ಬೇರೆಬೇರೆ ಆಗಲ್ಲ.
ಗದ್ದಲದಲ್ಲಂತೂ ಇನ್ನೂ ಕಷ್ಟ.
ಮುಖ ಕೊಟ್ಟು ಹೇಳಿ. ಚಿಕ್ಕದಾಗಿ ಹೇಳಿ.

ಗದ್ದಲ.
ಹೊರಗೆ ಆಲೂಗಡ್ಡೆ ಲಾರಿಗಳ ಹಾರ್ನು,
ಪಕ್ಕದಲ್ಲಿ ವೆಲ್ಡಿಂಗು, ತಲೆಯ ಮೇಲೆ ಫ್ಯಾನು,
ನಡುವೆ ನಾನು, ಬೆನ್ನು ಹಾಕಿಯೇ ಕೂಗುತ್ತಿದ್ದವನು.
ಕಾಳು ಕಲ್ಲು ಒಂದೇ ಮೊರಕ್ಕೆ ಸುರಿದು
ಆರಿಸು ಅಂದಿದ್ದೆ, ಕತ್ತಲಲ್ಲಿ, ಎಂಟು ವರ್ಷ.

ಈಗ ಸಂಜೆ ಷಟರ್ ಅರ್ಧ ಇಳಿಸಿ
ಮೋಟಾರುಗಳನ್ನೆಲ್ಲ ನಿಲ್ಲಿಸಿ ಎದುರು ಕೂರುತ್ತೇನೆ.
ಹುಲಿ. ಹುಳಿ.
ಳಕ್ಕೆ ನಾಲಿಗೆ ಹೇಗೆ ಮಡಚುತ್ತೆ ನೋಡು ಅಂತ
ಹುಳುಕು ಹಲ್ಲು ಕಾಣುವಷ್ಟು ಬಾಯಿ ತೆರೆಯುತ್ತೇನೆ.
ಬೆಲೆ. ಬೆಳೆ.
ಹತ್ತಕ್ಕೆ ನಾಲ್ಕು. ಕೆಲವು ದಿನ ಎರಡು.
ನಿನ್ನೆ ಒಂದೂ ಇಲ್ಲ.
ಬೇಕರಿಗೆ ಹೋಗಿ ಇಬ್ಬರೂ ಬನ್ನು ತಿಂದೆವು.

ಇವತ್ತು ಬ್ರಷ್ ತಾ ಅಂದೆ,
ಹಳೇ ಚಾಳಿ, ಬೆನ್ನು ಹಾಕಿಕೊಂಡೇ.
ಡಬ್ಬಿಗಳ ಮುಂದೆ ನಿಂತಳು. ತಲೆಯಾಡಿಸಲಿಲ್ಲ.
ವಾಪಸು ಬಂದು, ಗ್ರೀಸು ಮೆತ್ತಿದ ಬೆರಳಲ್ಲಿ
ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು
"ಯಾವ್ದು?" ಅಂದಳು.

ಗಿರಾಕಿ ಕಾಯುತ್ತಿದ್ದರು.
ಕಾಯಲಿ.