ಡೋಣಿ ವಸ್ತಿ

ಸೀಟಿ ಊದಿದರ ಎಡಗಡೆ ತುಟಿಯಿಂದ
ಗಾಳಿ ಸೋರತೈತಿ. ಫುಸ್.
ಡ್ರೈವರ್ ಮಕ್ತುಮಸಾಬ ಕನ್ನಡಿಯೊಳಗ ನೋಡತಾನ,
ನಗೂದಿಲ್ಲ.

ಕಪ್ಪತಗುಡ್ಡದ ಬುಡಕ ವಸ್ತಿ ಬಸ್ಸು ನಿಲ್ಲಿಸಿ
ಗುಡಿ ಕಟ್ಟಿ ಮ್ಯಾಲೆ ಹಾಸಿಗಿ ಹಾಸಿದ್ದೆ.
ಬಾಜೂಕ ಯಾರದೋ ಆಡಿನ ಮರಿ,
ಬೆಚ್ಚಗಿತ್ತು, ಓಡಿಸಲಿಲ್ಲ.
ಮುಂಜಾನೆ ತೊಡಿಗೆ ಎಳ್ಳಿನಷ್ಟು ಉಣ್ಣಿ.
ಉಗುರಲೆ ಕಿತ್ತೆ, ಒಗದೆ,
ಆರೂವರಿಗೆ ರೈಟ್ ಅಂದೆ.

ಎಂಟು ದಿನಕ್ಕ ಅಲ್ಲೇ ಒಂದು ಕೆಂಪು ಬಳಿ,
ನಡುವ ಬಿಳುಪು.
ಗಜಕರ್ಣ, ಅಂದಳು ನಿಂಗವ್ವ. ಹೂಂ ಅಂದೆ.
ಮುಲಾಮು ಹಚ್ಚಿದೆ. ಬಳಿ ಅಗಲಾತು,
ಆಮ್ಯಾಲೆ ತಾನೇ ಹೋತು.

ಮೊಣಕಾಲು ಬಾತದ್ದು ದಸರಾಕ್ಕ.
ಬಾಯಿ ಸೊಟ್ಟಾದದ್ದು ದೀಪಾವಳಿಗೆ.
ಮುಂಡರಗಿ ಡಾಕ್ಟರು ಕೆಟ್ಟವರೇನಲ್ಲ,
ಸಣ್ಣ ಬಿಳಿ ಗುಳಿಗಿ ಕೊಟ್ಟರು, ಐದು ದಿನಕ್ಕ.
ಮೂರಕ್ಕೇ ಬಾವು ಇಳೀತು.
ಚೀಟಿ ಇಲ್ಲದ ಮತ್ತ ತಂದೆ, ಮತ್ತ ತಂದೆ,
ಅಂಗಡಿಯಾಂವ ಚಿಲ್ಲರ ಅಷ್ಟ ಕೇಳಿದ.
ರಾತ್ರಿ ಎರಡಕ್ಕ ಎದ್ದು ಕಟಕರೊಟ್ಟಿ ಮುರದು ತಿಂದೆ.
ಮೋರೆ ಹುಣ್ಣಿವಿ ಆತು. ಮೈ ಹಿಡದೀಯಲ್ಲೋ,
ಅಂದರು ಡಿಪೋದಾಗ.

ಬಾವು ಇಳಿದಿತ್ತು.
ಹತ್ತಿದ್ದು ಇಳಿದಿರಲಿಲ್ಲ,
ಇನ್ನೂ ಒಳಗ ಇಳಿದಿತ್ತು.

ಹುಬ್ಬಳ್ಳಿ ದೊಡ್ಡ ದವಾಖಾನಿ. ಡಾಕ್ಟರ್ ಹುಡುಗಿ
ಬಾಯಿ ನೋಡೂಕಿಂತ ಮೊದಲು ಕೇಳಿದಳು:
ಆಡು? ಗುಡ್ಡ? ಉಣ್ಣಿ? ಬಿಳಿ ಗುಳಿಗಿ ಎಷ್ಟು ದಿನ?
ರಕ್ತ ಎಲ್ಲೆಲ್ಲೋ ಹೋಗಿ ಬಂತು.
ಲೈಮ್, ಅಂತ ಬರದಳು. ನಮ್ಮ ಕಡೆ ಅಪರೂಪ.
ನಿಂಬಿಹಣ್ಣಲ್ಲ, ಅಂತ ತಾನೇ ನಕ್ಕಳು.

ಟಿಕೆಟ್ ಇಲ್ಲದಾಂವ ಹಿಂದಿನ ಸೀಟಿನ್ಯಾಗ ಕುಂತಾನ,
ನೀವು ಚೆಕಿಂಗ್‌ನವರನ್ನ ಮಲಗಿಸೀರಿ, ಅಂದಳು.
ಇಲ್ಲ, ಹಂಗ ಅನ್ನಲಿಲ್ಲ.
ಏನೋ ಇಂಗ್ಲಿಷನ್ಯಾಗ ಅಂದಳು, ನಾ ಹಂಗ ತಿಳಕೊಂಡೆ.

ಮತ್ತ ಆ ಗುಳಿಗಿ ಒಮ್ಮೆಲೆ ಬಿಡಬ್ಯಾಡ್ರಿ, ಅದೂ ಜೀವಕ್ಕ ಕುತ್ತು,
ನಾ ಹೇಳಿದಂಗ ಇಳಸ್ರಿ.
ಇದು ಮಾತ್ರ ತಿಳೀತು. ತುಂಬಿದ ಬಸ್ಸಿಗೆ
ಇಳಿಜಾರಿನ್ಯಾಗ ಯಾರು ಧಡ್ಡನ ಬ್ರೇಕ್ ಒತ್ತತಾರ?

ಇಪ್ಪತ್ತೆಂಟು ದಿನ ಬ್ಯಾರೆ ಔಷಧ.
ಮೊಣಕಾಲು ಬಂತು. ತುಟಿ ಅರ್ಧ ಬಂತು.
ಆ ಗುಳಿಗಿ ನುಂಗದಿದ್ದರ ಪೂರ್ತಿ ಬರತಿತ್ತೇನ್ರಿ?
ಅಕಿ ಪೆನ್ನಿನ ಟೊಪ್ಪಿಗಿ ತಗದಳು, ಹಾಕಿದಳು.

ಈಗ ಬಾಗಿಲ ತಗಡಿಗೆ ಅಂಗೈಲೆ ಎರಡು ಏಟು.
ಮಕ್ತುಮಸಾಬ ಗೇರ್ ಹಾಕತಾನ.
ಸೀಟಿ ಕೊರಳಾಗ ಐತಿ.
ಡೋಣಿ ತಿರುವಿನ್ಯಾಗ ಬಸ್ಸು ಖಾಲಿ ಇದ್ದರ
ಬಲಗಡೆ ತುಟಿಗೆ ಸರಿಸಿ
ಒಮ್ಮೆ ಊದಿ ನೋಡತೀನಿ.