ಕೊನೆಯ ನಾಲ್ಕು ನಿಮಿಷ

ಅವೆನ್ಯೂ ರಸ್ತೆಯ ಗ್ರಂಧಿಗೆ ಅಂಗಡಿಯವನು
ಒಣ ಒಂದೆಲಗ ತೂಗುತ್ತ ಕೇಳಿದ:
'ಯಾರಿಗಮ್ಮ, ಮಗೂಗಾ? ಓದಿದ್ದು ತಲೇಲಿ ನಿಲ್ಲಲ್ವಾ?'
ಇಲಿಗೆ ಅನ್ನಲು ನಾಲಗೆ ಏಳಲಿಲ್ಲ.
ಹೌದೆಂದೆ.
ಒಂದು ಹಿಡಿ ಹೆಚ್ಚು ಹಾಕಿದ.

ಸ್ಪಿರಿಟ್ಟಿನಲ್ಲಿ ಕುದಿದು, ಇಳಿದು, ಮತ್ತೆ ಕುದಿದು
ಯಾವುದೋ ಕೆರೆಯಂಚಿನ ಅಷ್ಟೂ ಹಸಿರು
ಮೂರು ಚಮಚ ಕಪ್ಪಂಟಾಗಿ ಉಳಿಯಿತು.
ಕಿಲೋ ತೂಕಕ್ಕೆ ಇನ್ನೂರು ಮಿಲಿಗ್ರಾಂ.
ಕಿಲೋ ತೂಗುವ ಇಲಿ ನಮ್ಮಲ್ಲಿಲ್ಲ,
ಬೇಕಿದ್ದರೆ ಮಾರ್ಕೆಟ್ಟಿನ ಮೋರಿಯಲ್ಲಿ ಹೆಗ್ಗಣ.
ಅಂಗೈಯ ಈ ಬಿಳಿ ಉಸಿರಿಗೆ
ಐದೇ ಐದು.

ಪ್ರಾಣಿಮನೆಯ ಚೌಡಪ್ಪ ಗುರುತು ಹಚ್ಚುತ್ತಾನೆ
ಪಿಕ್ರಿಕ್ ಆಮ್ಲದ ಹಳದಿ:
ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಇನ್ನೊಂದಕ್ಕೆ ಬಾಲದ ಬುಡಕ್ಕೆ.
'ಅರಿಶಿನ ಆಯ್ತು ಮೇಡಂ, ನೀರಿಗಿಳಿಸ್ಕೊಳ್ಳಿ.'

ಗಾಜಿನ ಕೊಳವೆ. ಗೇಣುದ್ದ ನೀರು.
ಹತ್ತಲು ಅಂಚಿಲ್ಲ, ಊರಲು ತಳ ಸಿಗದು.
ಒಟ್ಟು ಆರು ನಿಮಿಷ. ಮೊದಲೆರಡು ಲೆಕ್ಕಕ್ಕಿಲ್ಲ,
ಆಗ ಎಲ್ಲವೂ ಈಜುತ್ತವೆ.
ಕೊನೆಯ ನಾಲ್ಕರಲ್ಲಿ
ಕೈಕಾಲು ಬಿಟ್ಟು, ಮೂಗಷ್ಟೇ ಮೇಲಿಟ್ಟು
ಎಷ್ಟು ಸೆಕೆಂಡು ಸುಮ್ಮನೆ ತೇಲುತ್ತದೋ
ಅಷ್ಟು ಸೆಕೆಂಡು ಹತಾಶೆ
ಎಂದು ಓದಿದ್ದೇನೆ.
ಹೆಬ್ಬೆರಳು ಸ್ಟಾಪ್‌ವಾಚಿನ ಮೇಲೆ.
ಯಾವುದಕ್ಕೆ ಸೊಪ್ಪು, ಯಾವುದಕ್ಕೆ ಬರೀ ಅಂಟುನೀರು,
ಯಾವುದಕ್ಕೆ ಅಂಗಡಿಯ ಮಾತ್ರೆ
ನನಗೆ ಹೇಳಿಲ್ಲ. ಹೇಳಬಾರದು.

ಹದಿನಾಲ್ಕನೆಯದು ಎರಡೇ ಸುತ್ತು ಸುತ್ತಿ ನಿಂತಿತು.
ಚೌಡಪ್ಪ ಟವೆಲ್ ಹಿಡಿದು ಬಗ್ಗಿ ನೋಡಿದ.
'ಸೋತಿಲ್ಲ ಮೇಡಂ ಇದು.
ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ನೂಕ್ದಾಗ
ನಮ್ಮಪ್ಪ ಹೇಳಿದ್ದೂ ಇದೇಯ:
ಬಡ್ಕೋಬ್ಯಾಡ ಕಣ್ಲಾ, ನೀರೇ ಹೊರ್ತದೆ.'
ಹೆಬ್ಬೆರಳು ತಡವಾಯಿತು, ಮೂರು ಸೆಕೆಂಡು.
ಪಟ್ಟಿಯಲ್ಲಿ ಆ ಮೂರು ಈಗಲೂ ಇಲ್ಲ.

ಅಂಗಡಿಯ ಆ ಮಾತ್ರೆ ನನಗೆ ಹೊಸದಲ್ಲ.
ಪೀಣ್ಯದ ಗಾರ್ಮೆಂಟ್ಸಿನಿಂದ ಬಂದು
ರಾತ್ರಿ ಅಮ್ಮ ಬ್ಲೌಸು ಹೊಲಿಯುತ್ತಿದ್ದ ಮಿಷನ್ನಿನ ಡ್ರಾಯರಿನಲ್ಲಿ
ಹುಕ್ಕು, ಗುಂಡಿ, ಬಾಬಿನ್ನುಗಳ ನಡುವೆ
ಅದೇ ಬೆಳ್ಳಿ ಹಾಳೆ.
ಕೆಲವು ಸಂಜೆ
ಪೆಡಲಿನ ಮೇಲೆ ಕಾಲು ಹಾಗೇ ಇರುತ್ತಿತ್ತು,
ಸೂಜಿ ಬಟ್ಟೆಯೊಳಗೆ.
ಬೀದಿಯಲ್ಲಿ ಹಳೇ ಪೇಪರಿನವನ ಕೂಗು ಬಂದು, ಹೋಗಿ,
ಮುಂದಿನ ಅಡ್ಡರಸ್ತೆಯಲ್ಲಿ ಕರಗುವವರೆಗೂ.
'ಏನಮ್ಮ?' ಅಂದರೆ 'ಏನಿಲ್ಲ, ಸುಮ್ಮನೆ ಕೂತೆ.'
ನಾನು ಎಣಿಸಲಿಲ್ಲ.
ಆಮೇಲೆ ಚಕ್ರ ತಿರುಗುತ್ತಿತ್ತು,
ಮಾತ್ರೆಯಿಂದಲೋ
ನಾಳೆ ಕೊಡಬೇಕಿದ್ದ ಯಾರದೋ ಮದುವೆಯ ಬ್ಲೌಸಿನಿಂದಲೋ.

ಸೊಪ್ಪು ಕೆಲಸ ಮಾಡಿತು.
ಲಕೋಟೆ ಒಡೆದಾಗ ಅಂಕಿಗಳ ನೆತ್ತಿಯ ಮೇಲೆ
ಎರಡೆರಡು ನಕ್ಷತ್ರ. ಗೈಡ್ ಮೇಡಂ ಕಾಫಿ ಕೊಡಿಸಿದರು.
ಹದಿನಾಲ್ಕನೆಯದೂ ಸೊಪ್ಪು ತಿಂದಿತ್ತು,
ಆದರೂ ಎಲ್ಲಕ್ಕಿಂತ ಹೆಚ್ಚು ತೇಲಿತ್ತು.
'ಗುಂಪಿಗೆ ಸೇರದ್ದು' ಎಂದು
ಅದನ್ನು ಅಡಿಟಿಪ್ಪಣಿಗೆ ಇಳಿಸಿದೆವು.
ಪ್ರಾಣಿಗಳ ಕೊನೆಯ ಕಾಲಮ್ಮಿಗೆ
ನಮ್ಮ ಶಾಸ್ತ್ರದಲ್ಲೂ ಒಂದೇ ಪದ: ಬಲಿ.
ಇಪ್ಪತ್ತನಾಲ್ಕು ಸಲ ಬರೆದೆ.
ಆ ದಿನ ಚೌಡಪ್ಪ ರಜೆ ಹಾಕಿದ್ದ.

ಅಂಗಡಿಯವನ ಆ ಹೆಚ್ಚಿನ ಹಿಡಿ ಉಳಿದಿತ್ತು.
ಮನೆಗೆ ಒಯ್ದೆ.
ಅಮ್ಮ ಮೂಸಿ ನೋಡಿದಳು:
'ಒಣಗಿದ್ದು ಯಾಕೆ ತಂದ್ಯೇ,
ಹಸೀದಾಗಿದ್ರೆ ಚಟ್ನಿ ಆಗ್ತಿತ್ತು.'
ಎಸೆಯಲಿಲ್ಲ.
ಮಡಚಿ, ಗುಂಡಿಗಳ ಡ್ರಾಯರಿಗೆ ಹಾಕಿ
ಮುಚ್ಚಿದಳು.