ಬಳಕೆದಾರ ಏಳು

ಬ್ರನೊ ಊರು, ನಾಲ್ಕನೇ ಮಹಡಿ. ಕಿಟಕಿಯಾಚೆ ಟ್ರಾಮಿನ ತಂತಿ,
ಕೆಳಗೆ ಮಾರ್ಚಿನ ಕೊಳೆ ಹಿಮ.
ನನ್ನ ಹಾಳೆಯಲ್ಲಿ ಅವರಿಗೆ ಹೆಸರಿಲ್ಲ:
ಬಳಕೆದಾರ ಏಳು, ವಯಸ್ಸು ಎಪ್ಪತ್ತಮೂರು, ನಿವೃತ್ತ ಅಂಚೆಯಣ್ಣ.
ಹತ್ತೊಂಬತ್ತು ವರ್ಷದಿಂದ ನಮ್ಮದೇ ಡೆಸ್ಕ್‌ಟಾಪು;
ಜೇನು ಸಾಕುವವರ ಸಂಘದ ಪತ್ರಿಕೆ ತಿಂಗಳು ತಿಂಗಳೂ
ಅದರೊಳಗೇ ಅಚ್ಚಿಗೆ ಅಣಿಯಾಗುತ್ತದೆ.

ಕೋಟು ಬಿಚ್ಚಲಿಲ್ಲ ಬೊಹುಮಿರ್ ಕ್ವಾಪಿಲ್.
ಚೀಲದಿಂದ ಒಂದು ಶೀಶೆ ಜೇನು ತೆಗೆದು
ಕೀಬೋರ್ಡಿನ ಪಕ್ಕ ಇಟ್ಟರು, ಫೀಸು ಕಟ್ಟುವವರ ಹಾಗೆ.
ಕ್ವಾಪಿಲ್ ಅಂದರೆ ನಮ್ಮ ಮಾತಿನಲ್ಲಿ ಅವಸರ ಮಾಡಿದವನು.
ಅವಸರ ಮಾಡದೆ ಕೂತರು.

"ರಾತ್ರಿಗೆ ಪರದೆಯ ಬೆಳಕು ಹಳದಿಯಾಗಬೇಕು,
ಮಾಡಿ ತೋರಿಸಿ" ಎಂದೆ. ಗಡಿಯಾರ ಒತ್ತಿದೆ.

ಕೈ ಹೋಯಿತು.
ಕಣ್ಣು ಏಳುವ ಮೊದಲೇ ಹೋಯಿತು,
ಎಡಗಡೆ, ಕೆಳಗೆ, ಮೂರನೇ ಸಾಲು, ಅಲ್ಲಿಂದ ಒಳಕ್ಕೆ;
ಕತ್ತಲಲ್ಲಿ ಎಚ್ಚರಾದವರು ನೀರಿನ ಲೋಟಕ್ಕೆ
ಕೈ ಚಾಚಿದಂತೆ.
ಅಲ್ಲಿ ಏನೂ ಇರಲಿಲ್ಲ.
ಅಲ್ಲಿ ಏನೂ ಇರಬಾರದೆಂದು
ಹೋದ ಬೇಸಿಗೆಯಲ್ಲಿ ತೀರ್ಮಾನಿಸಿದವಳು ನಾನೇ.
ಬರೀ ಬಿಳಿ. ನಮ್ಮ ಕಸುಬಿನಲ್ಲಿ ಅದಕ್ಕೆ
ಉಸಿರಾಡುವ ಜಾಗ ಎನ್ನುತ್ತೇವೆ.

ನೂರ ನಲವತ್ತು ಗುಂಡಿಗಳನ್ನು ಹನ್ನೊಂದು ಕೋಣೆಗೆ ಇಳಿಸಿದ್ದೆ.
ಚಿತ್ರಗಳು ದುಂಡಗೆ, ಪದಗಳು ಮೆತ್ತಗೆ.
'ಪರದೆ' ಇದ್ದಲ್ಲಿ 'ನೋಟ',
'ಪ್ರಿಂಟರು' ಇದ್ದಲ್ಲಿ 'ಸಂಗಾತಿ ಸಾಧನಗಳು'.
ಹೊಸಬರಿಗೆ ನಲವತ್ತು ಸೆಕೆಂಡು ಹಿಡಿಯುತ್ತಿದ್ದದ್ದು
ಒಂಬತ್ತಕ್ಕೆ ಇಳಿದಿತ್ತು. ಅದೂ ಸುಳ್ಳಲ್ಲ.

ಒಂದು ನಿಮಿಷ. ಎರಡು.
ಬೈಯಲಿಲ್ಲ ಅವರು. ಕನ್ನಡಕ ಒರೆಸಿಕೊಂಡು
"ನಾನೇ ಎಲ್ಲೋ ತಪ್ಪಿದೆ" ಎಂದರು.
ಅವರಿಗಿಂತ ಮುಂಚೆ ಕೂತ ಆರು ಮಂದಿಯೂ
ಅದನ್ನೇ ಹೇಳಿದ್ದರು.
ಆರು ಸಲವೂ ನಾನು ಅದನ್ನು ಬರೆದುಕೊಂಡಿರಲಿಲ್ಲ.

ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ
'ಆರಾಮ' ಎಂಬ ಕೋಣೆಯೊಳಗೆ ಸಿಕ್ಕಿತು.
ಪರದೆ ಶೀಶೆಯ ಬಣ್ಣಕ್ಕೆ ತಿರುಗಿತು.

"ನಮ್ಮದೊಂದು ಬೀದಿ" ಎಂದರು, ನಾನು ಕೇಳದೆಯೇ.
"ಅಪ್ಪನ ಬಾಯಲ್ಲಿ ಅದು ಕೊನೆತನಕ ಚಕ್ರವರ್ತಿಯದು.
ನಾನು ಶಾಲೆಗೆ ಹೋಗುವಾಗ ಒಬ್ಬ ದಂಡನಾಯಕನದು.
ಅಂಚೆ ಚೀಲ ಹೊತ್ತಾಗ ಅದೊಂದು ತಾರೀಖು.
ಈಗ ಲಿಂಡೆನ್ ಮರದ ಬೀದಿ; ಮರ ಕಡಿದಾಗಿದೆ.
ಏಣಿ ತಂದವರು ಬೋರ್ಡು ಬದಲಿಸಿ ಹೋಗುತ್ತಾರೆ.
ದೂರದೂರಿನ ಮುದುಕಿಗೆ ಅದು ಗೊತ್ತಾಗಬೇಕಲ್ಲ?
ಚಕ್ರವರ್ತಿಯ ಬೀದಿ, ಹದಿನಾಲ್ಕು, ಅಂತ ಬರೆದಿರುತ್ತಾಳೆ.
ವಾಪಸು ಕಳಿಸಿ ಅಂತಲೇ ನಿಯಮ.
ನಾನು ಕಳಿಸಿದವನಲ್ಲ."
ಟೋಪಿ ತಲೆಗಿಟ್ಟರು.
"ಬೋರ್ಡು ನಿಮ್ಮದು ತಾಯೀ, ಬದಲಿಸಿಕೊಳ್ಳಿ.
ಅಂಚೆಯವನೊಬ್ಬನನ್ನು ಮಾತ್ರ ಉಳಿಸಿಕೊಳ್ಳಿ."

ಆ ಸಂಜೆ, ಯಾರೂ ಹೇಳದ ಕೆಲಸ:
ಹುಡುಕು ಪೆಟ್ಟಿಗೆಯ ಬೆನ್ನಿಗಿರುವ ಕಡತ ತೆರೆದು
ಹಳೆಯ ಹೆಸರುಗಳನ್ನೆಲ್ಲ ಒಂದೊಂದಾಗಿ ಸೇರಿಸಿದೆ,
ಯಾವುದು ಈಗ ಎಲ್ಲಿ ವಾಸ ಎಂದು.
ಮೂರು ಆವೃತ್ತಿಯ ಹಿಂದಿನ ಒಂದು ಕಾಗುಣಿತದ ತಪ್ಪನ್ನೂ ಬಿಡಲಿಲ್ಲ;
ಆ ತಪ್ಪನ್ನೇ ಕಲಿತವರಿದ್ದಾರೆ.
ಎಂಟೂವರೆಗೆ ಟ್ರಾಮು ತಪ್ಪಿತು. ಬೆರಳಿಗೆ ಜೇನು ಅಂಟಿತ್ತು.

ಇನ್ನು 'ಪ್ರಿಂಟರು' ಎಂದು ಬರೆದವರು
ಪ್ರಿಂಟರಿಗೆ ತಲುಪುತ್ತಾರೆ.

ಆದರೆ ಕೈಗೆ ಅಕ್ಷರ ಬಾರದು.
ಅಂದಿನ ರೆಕಾರ್ಡಿಂಗು ತಿರುಗಿಸಿ ನೋಡುತ್ತೇನೆ:
ಎಲ್ಲ ಮುಗಿದು, ನಾನು ವಂದನೆ ಹೇಳಿ,
ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ
ಇನ್ನೊಂದು ಕೈ ಇನ್ನೂ ಮೌಸಿನ ಮೇಲಿದೆ.
ಬಾಣದ ಗುರುತು ಮೆಲ್ಲಗೆ ಹೊರಡುತ್ತದೆ,
ಎಡಗಡೆ, ಕೆಳಗೆ,
ಬಿಳಿಯ ಮೇಲೆ ನಿಲ್ಲುತ್ತದೆ.